ಹಳೆಯ ಬುಲೆಟ್ 350ಕ್ಕೆ ಮನೆಯಲ್ಲೇ ಅಳವಡಿಸಿದ ಫ್ಯುಯೆಲ್ ಇಂಜೆಕ್ಷನ್: ಬ್ರೇಕ್ ಒತ್ತಿದರೆ ಎಂಜಿನ್ ಏಕೆ ನಿಲ್ಲುತ್ತದೆ?

ಎರಕದ_ಎಂಜಿನ್, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು 1994ರಲ್ಲಿ ಕೊಂಡ, ಎರಕದ ಕಬ್ಬಿಣದ ಸಿಲಿಂಡರಿನ ಬುಲೆಟ್ 350 ನನ್ನ ಬಳಿ ಇದೆ. 70 ಮಿ.ಮೀ. ಬೋರ್, 90 ಮಿ.ಮೀ. ಸ್ಟ್ರೋಕ್, 346 ಸಿ.ಸಿ.; ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು ಇರುವ ಹಳೆಯ ಗಾಡಿ. ಕಾರ್ಬ್ಯುರೇಟರಿನ ಸ್ಲೈಡು ಸವೆದು, ಎರಡು ಬಾರಿ ಹೊಸದು ಹಾಕಿಸಿದರೂ ಮನಸ್ಸಿಗೆ ಒಪ್ಪುವ ಐಡ್ಲಿಂಗ್ ಸಿಗದೇ ಹೋದಾಗ ಫ್ಯುಯೆಲ್ ಇಂಜೆಕ್ಷನ್ ಅಳವಡಿಸಿಯೇ ನೋಡೋಣವೆಂದು ಕೈಹಾಕಿದೆ. ಎಂಟು ತಿಂಗಳ ಬಿಡುವಿನ ವೇಳೆಯೆಲ್ಲ ಇದಕ್ಕೇ ಹೋಗಿದೆ. ಗಾಡಿ ಈಗ ಓಡುತ್ತಿದೆ, ಆದರೆ ನಂಬಿಕೆಯಿಂದ ದೂರ ಹೋಗುವ ಹಾಗಿಲ್ಲ.

ಹಾಕಿರುವ ಸಾಮಾನು ಹೀಗಿದೆ. ಜೆ.ಸಿ. ರಸ್ತೆಯಲ್ಲಿ ಸಿಕ್ಕ, ಬೇರೊಂದು ಬೈಕಿನ 33 ಮಿ.ಮೀ. ಥ್ರಾಟಲ್ ಬಾಡಿ ಮತ್ತು ಅದರದೇ ಇಂಜೆಕ್ಟರ್ (ಪೆಟ್ರೋಲು ಚಿಮ್ಮಿಸುವ ನಳಿಕೆ). ಟ್ಯಾಂಕಿನ ಕೆಳಗೆ ಹೊರಗಡೆಯೇ ಕೂರಿಸಿದ ಪೆಟ್ರೋಲ್ ಪಂಪು, 3 ಬಾರ್ ರೆಗ್ಯುಲೇಟರ್. ನಿಯಂತ್ರಣಕ್ಕೆ ಆರ್ಡುಯಿನೋ ಮೆಗಾ ಆಧಾರಿತ ಸ್ಪೀಡುಯಿನೋ ಇಸಿಯು (ಎಂಜಿನ್ ನಿಯಂತ್ರಿಸುವ ಪುಟ್ಟ ಕಂಪ್ಯೂಟರ್). ಕ್ರ್ಯಾಂಕಿನ ಎಡತುದಿಯಲ್ಲಿ, ಆಲ್ಟರ್ನೇಟರ್ ರೋಟರಿನ ಮುಂದೆ, 24 ಹಲ್ಲುಗಳ ಸ್ಥಾನದಲ್ಲಿ ಒಂದನ್ನು ಬಿಟ್ಟು ಮಾಡಿದ ಚಕ್ರ ಮತ್ತು ಆ ಹಲ್ಲುಗಳನ್ನು ಎಣಿಸಿ ಎಂಜಿನ್ ವೇಗವನ್ನು ಇಸಿಯುವಿಗೆ ತಿಳಿಸುವ ಹಾಲ್ ಸೆನ್ಸರ್. ಕಿಡಿ ಕೊಡುವ ಇಗ್ನಿಷನ್ ಮಾತ್ರ ಹಳೆಯ ಯಾಂತ್ರಿಕ ಸ್ವಿಚ್ಚಾದ ಪಾಯಿಂಟ್ಸ್‌ನಲ್ಲೇ ಇದೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕೆಂದು ಅದನ್ನು ಮುಟ್ಟಿಲ್ಲ. ಹೊಗೆ ಹೋಗುವ ಬೆಂಡ್ ಪೈಪಿಗೆ, ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಎಲ್‌ಎಸ್‌ಯು 4.9 ವೈಡ್‌ಬ್ಯಾಂಡ್ ಸೆನ್ಸರ್ ಹಾಕಿದ್ದೇನೆ. ಮ್ಯಾನಿಫೋಲ್ಡ್ (ಎಂಜಿನ್ನಿಗೆ ಗಾಳಿ ಹೋಗುವ ಕೊಳವೆ) ಒತ್ತಡದ ಅಂಕಿ ಐಡ್ಲಿಂಗಿನಲ್ಲಿ 60ರಿಂದ 85 ಕಿಲೋಪಾಸ್ಕಲ್‌ವರೆಗೆ ಕುಣಿಯುತ್ತಿದ್ದುದರಿಂದ, ಒತ್ತಡದ ಬದಲು ಥ್ರಾಟಲ್ ತೆರೆದ ಪ್ರಮಾಣವನ್ನೇ ಆಧಾರವಾಗಿಟ್ಟುಕೊಳ್ಳುವ ಆಲ್ಫಾ-ಎನ್ ಪದ್ಧತಿಯಲ್ಲಿ ಓಡಿಸುತ್ತಿದ್ದೇನೆ.

ತೊಂದರೆ ಮೂರು. ಸಿಗ್ನಲ್ಲಿನಲ್ಲಿ ನಿಂತಾಗ ಐಡ್ಲಿಂಗ್ ತಾನಾಗಿ ಏರಿಳಿದು ಹಲವು ಸಲ ಎಂಜಿನ್ ನಿಂತೇ ಹೋಗುತ್ತದೆ. ಮನೆಯ ಮುಂದೆ ಸ್ಟ್ಯಾಂಡ್ ಹಾಕಿ ಪರೀಕ್ಷಿಸಿದರೆ ಅರ್ಧ ಗಂಟೆಯಾದರೂ ನಿಲ್ಲುವುದಿಲ್ಲ. ಎರಡನೆಯದು, ಥ್ರಾಟಲ್ಲನ್ನು ಥಟ್ಟನೆ ತಿರುಗಿಸಿದರೆ ಒಂದು ಕ್ಷಣ ಉಸಿರು ಕಟ್ಟಿದಂತಾಗಿ ಆಮೇಲೆ ಪಿಕಪ್ ಬರುತ್ತದೆ. ಮೂರನೆಯದು ನನ್ನನ್ನು ಹೆದರಿಸಿದ ವಿಷಯ. ಕಳೆದ ತಿಂಗಳು ಸಕಲೇಶಪುರದಲ್ಲಿ ಕಾಫಿ ಕುಡಿದು ಹೊರಟು, ಶಿರಾಡಿ ಘಾಟಿ ಇಳಿದು, ಎಲ್ಲೂ ನಿಲ್ಲದೆ ಉಪ್ಪಿನಂಗಡಿ ದಾಟುವ ಹೊತ್ತಿಗೆ ಏರುಗಳಲ್ಲಿ ಎಂಜಿನ್ ನಾಕಿಂಗ್ (ಮಿಶ್ರಣ ಸರಿಯಾಗಿ ಉರಿಯದೆ ಸಿಡಿದು ಬರುವ ಟಕ್ ಟಕ್ ಸದ್ದು) ಶುರುವಾಯಿತು. ಪೂರ್ತಿ ಥ್ರಾಟಲ್ಲಿನಲ್ಲಿ ಬೆಂಗಳೂರಿನಲ್ಲಿ 0.88 ಇರುತ್ತಿದ್ದ ಲ್ಯಾಂಬ್ಡಾ (ಗಾಳಿ-ಪೆಟ್ರೋಲು ಮಿಶ್ರಣದ ಅಳತೆ; ಅಂಕಿ ಏರಿದಷ್ಟೂ ಪೆಟ್ರೋಲಿನ ಪಾಲು ಕಡಿಮೆ) ಅಲ್ಲಿ 0.98 ತೋರಿಸುತ್ತಿತ್ತು. ಗಾಡಿ ಆಫ್ ಮಾಡಿ ಹತ್ತು ನಿಮಿಷ ಆರಲು ಬಿಟ್ಟು ಹೊರಟರೆ ಎಲ್ಲವೂ ಸರಿಯಾಗಿತ್ತು. ಎಂಜಿನ್ ಕಾದದ್ದೇ ಕಾರಣವೆಂದುಕೊಂಡೆ, ಆದರೆ ಅದನ್ನು ಮನಸ್ಸು ಪೂರ್ತಿ ಒಪ್ಪುತ್ತಿಲ್ಲ.

ಎಷ್ಟು ಥ್ರಾಟಲ್ಲಿಗೆ, ಎಷ್ಟು ವೇಗಕ್ಕೆ ಎಷ್ಟು ಪೆಟ್ರೋಲು ಎಂದು ಇಸಿಯುವಿಗೆ ಹೇಳುವ ಇಂಧನದ ಕೋಷ್ಟಕವನ್ನು ನಾಲ್ಕು ಸಲ ಮೊದಲಿನಿಂದ ತಿದ್ದಿದ್ದೇನೆ. ಐದನೆಯ ಸಲ ತಿದ್ದುವ ಮುನ್ನ ತಿಳಿದವರ ಸಲಹೆ ಬೇಕು. ಗಾಡಿಯ ಚಿತ್ರಗಳನ್ನೂ, ಓಡುವಾಗ ಇಸಿಯು ಬರೆದಿಟ್ಟ ಅಂಕಿಗಳ ಲಾಗ್ ಕಡತಗಳನ್ನೂ ಜೊತೆಗಿಟ್ಟಿದ್ದೇನೆ.

ಹುಬ್ಬಳ್ಳಿ_ಲೇತ್, ಹುಬ್ಬಳ್ಳಿ

ಸರ್, ಲ್ಯಾಪ್‌ಟಾಪ್ ಮುಚ್ಚಿಟ್ಟು ಮೊದಲು ಸ್ಪ್ಯಾನರ್ ಹಿಡಿಯಿರಿ ಎಂಬುದು ನನ್ನ ವಿನಂತಿ. ಮೂವತ್ತು ವರ್ಷದ ಎಂಜಿನ್ನಿನಲ್ಲಿ ಟ್ಯಾಪೆಟ್ ಬಿಗಿಯಾಗಿದ್ದರೆ, ಪಾಯಿಂಟ್ಸ್ ಅಂತರ 0.35ರಿಂದ 0.40 ಮಿ.ಮೀ. ಒಳಗೆ ಇಲ್ಲದಿದ್ದರೆ, ಇಸಿಯುವಿಗೆ ಯಾವ ಅಂಕಿ ತುಂಬಿದರೂ ಅದು ಆ ದಿನದ ಮಟ್ಟಿಗೆ ಮಾತ್ರ ನಿಜ. ನೀವು ಬೇರೆ ಗಾಡಿಯ ಥ್ರಾಟಲ್ ಬಾಡಿಗೆ ಅಡಾಪ್ಟರ್ ಮಾಡಿಸಿರಬೇಕು. ಆ ಕೂಡಿನಲ್ಲಿ ಗಾಳಿ ಒಳಸೇರುತ್ತಿದೆಯೇ ನೋಡಿ. ತಣ್ಣಗಿರುವಾಗ ಸರಿಯಿದ್ದು, ಅಲ್ಯೂಮಿನಿಯಂ ತುಂಡು ಕಾದು ಹಿಗ್ಗಿದ ಮೇಲೆ ಗಾಳಿ ಎಳೆಯುವ ಅಡಾಪ್ಟರುಗಳನ್ನು ನಮ್ಮ ಲೇತಿನ ಮೇಲೆ ನಾನೇ ಮತ್ತೆ ಮುಖ ಹೊಡೆದು ಕೊಟ್ಟಿದ್ದೇನೆ.

ಹಲ್ಲಿನ ಚಕ್ರಕ್ಕೂ ಡಯಲ್ ಗೇಜ್ ಇಟ್ಟು ಸುತ್ತಿಸಿ ನೋಡಿ. ಸೆನ್ಸರಿನ ಅಂತರ 1 ಮಿ.ಮೀ. ಇರುವಾಗ ಚಕ್ರವೇ 0.3 ಮಿ.ಮೀ. ಓಲಾಡಿದರೆ ಕೆಲವು ಹಲ್ಲು ಲೆಕ್ಕಕ್ಕೆ ಸಿಗದೆ ಹೋಗುತ್ತವೆ. ಬೆಸುಗೆ ಹಾಕಿ ಕೂರಿಸಿದ ಚಕ್ರವಾದರೆ ಓಲಾಟ ಇದ್ದೇ ಇರುತ್ತದೆ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ನಿಮ್ಮ ಮೊದಲ ಚಿತ್ರದಲ್ಲಿ ರೆಗ್ಯುಲೇಟರಿನಿಂದ ಇಂಜೆಕ್ಟರಿಗೆ ಬರುವ ಪೈಪು ಕಾರ್ಬ್ಯುರೇಟರ್ ಗಾಡಿಗಳಿಗೆ ಹಾಕುವ ಪಾರದರ್ಶಕ ಪೈಪಿನಂತೆ ಕಾಣುತ್ತಿದೆ. 3 ಬಾರ್ ಒತ್ತಡದ ಪೆಟ್ರೋಲು, ಕೆಳಗೆ ಕೆಂಪಗೆ ಕಾಯುವ ಬೆಂಡ್ ಪೈಪು, ಪಕ್ಕದಲ್ಲಿ ಕಿಡಿ ಹಾರುವ ಪಾಯಿಂಟ್ಸ್. ಇಂಜೆಕ್ಷನ್ ಗಾಡಿಗಳಿಗೆಂದೇ ಬರುವ ಪೈಪು ಮತ್ತು ಸುತ್ತಲೂ ಸಮನಾಗಿ ಬಿಗಿಯುವ ಕ್ಲಿಪ್ಪು ಹಾಕುವವರೆಗೆ ಗಾಡಿ ಹೊರಗೆ ತೆಗೆಯಬೇಡಿ.

ಮಿಲಿಸೆಕೆಂಡ್, ಮೈಸೂರು

ಹುಬ್ಬಳ್ಳಿಯವರ ಮಾತಿಗೆ ನನ್ನ ಪೂರ್ಣ ಸಮ್ಮತಿ ಇದೆ. ಅವರು ಹೇಳಿದ್ದೆಲ್ಲ ಆದ ಮೇಲೆ ಕೋಷ್ಟಕವನ್ನು ಮುಟ್ಟುವ ಮುನ್ನ ನೋಡಬೇಕಾದ ಇನ್ನೊಂದು ವಿಷಯ ನಿಮ್ಮ ಲಾಗಿನಲ್ಲಿಯೇ ಇದೆ.

ಐಡ್ಲಿಂಗಿನಲ್ಲಿ ನಿಮ್ಮ ಇಂಜೆಕ್ಟರ್ ಪ್ರತಿ ಸಲ 2.0 ಮಿಲಿಸೆಕೆಂಡ್ ತೆರೆಯುತ್ತಿದೆ, ಮತ್ತು ಎರಡು ಸುತ್ತಿನ ಒಂದು ಪೂರ್ಣ ಆವರ್ತನಕ್ಕೆ ಎರಡು ಸಲ ತೆರೆಯುವಂತೆ ನೀವು ಆಯ್ಕೆ ಮಾಡಿದ್ದೀರಿ. ಇಂಜೆಕ್ಟರಿಗೆ ವಿದ್ಯುತ್ ಕೊಟ್ಟ ಕ್ಷಣದಲ್ಲೇ ಅದು ತೆರೆದುಕೊಳ್ಳುವುದಿಲ್ಲ. ಒಳಗಿನ ಸೂಜಿ ಮೇಲೇಳಲು ಸುಮಾರು 1 ಮಿಲಿಸೆಕೆಂಡ್ ಬೇಕು, ಆ ಹೊತ್ತಿನಲ್ಲಿ ಪೆಟ್ರೋಲು ಬರುವುದಿಲ್ಲ. ಇದನ್ನೇ ಡೆಡ್ ಟೈಮ್ ಎನ್ನುತ್ತಾರೆ. ಅಂದರೆ ನಿಮ್ಮ 2.0 ಮಿಲಿಸೆಕೆಂಡಿನಲ್ಲಿ ಅರ್ಧ ಭಾಗ ಬರಿದೇ ಹೋಗುತ್ತಿದೆ. ಬ್ಯಾಟರಿಯ ವೋಲ್ಟೇಜ್ ಇಳಿದಷ್ಟೂ ಸೂಜಿ ಏಳುವುದು ನಿಧಾನವಾಗುತ್ತದೆ. 13.8 ವೋಲ್ಟಿನಲ್ಲಿ 0.9 ಇದ್ದದ್ದು 11.6 ವೋಲ್ಟಿನಲ್ಲಿ 1.3 ಆಯಿತೆಂದು ಇಟ್ಟುಕೊಳ್ಳಿ. ಪೂರ್ತಿ ಥ್ರಾಟಲ್ಲಿನಲ್ಲಿ 13 ಮಿಲಿಸೆಕೆಂಡ್ ತೆರೆದಿರುವಾಗ ಆ 0.4ರ ನಷ್ಟ ಶೇಕಡಾ 3ರಷ್ಟು, ಸವಾರನಿಗೆ ತಿಳಿಯುವುದೂ ಇಲ್ಲ. ಐಡ್ಲಿಂಗಿನಲ್ಲಿ ನಿಜವಾಗಿ ಪೆಟ್ರೋಲು ಬರುವುದೇ 1 ಮಿಲಿಸೆಕೆಂಡ್ ಆದ್ದರಿಂದ ಅದೇ 0.4 ಶೇಕಡಾ 40ರ ನಷ್ಟ. ಯಾವ ಎಂಜಿನ್ ತಾನೇ ನಿಲ್ಲದೆ ಇದ್ದೀತು?

ಈಗ ನಿಮ್ಮ ಲಾಗಿನಲ್ಲಿ ಎಂಜಿನ್ ನಿಂತ ಏಳು ಜಾಗಗಳನ್ನು ನೋಡಿ. ಏಳರಲ್ಲೂ ಎಂಜಿನ್ ವೇಗ ಕುಸಿಯುವುದಕ್ಕೆ ಒಂದೆರಡು ಸೆಕೆಂಡ್ ಮೊದಲು ವೋಲ್ಟೇಜ್ ಮೆಟ್ಟಿಲು ಇಳಿದಂತೆ ಒಮ್ಮೆಗೇ ಇಳಿದಿದೆ. ಯಾವುದೋ ಒಂದು ಹೊರೆ ಆನ್ ಆಗುತ್ತಿದೆ. ಸಿಗ್ನಲ್ಲಿನಲ್ಲಿ ಆಗುತ್ತದೆ, ಮನೆಯ ಮುಂದೆ ಆಗುವುದಿಲ್ಲ ಎಂದಿದ್ದೀರಿ. ಸಿಗ್ನಲ್ಲಿನಲ್ಲಿ ನಿಂತಾಗ ನಿಮ್ಮ ಎಡಗಾಲು ಎಲ್ಲಿರುತ್ತದೆ?

ಡೆಡ್ ಟೈಮನ್ನು ಊಹಿಸದೆ ಅಳೆಯಿರಿ. ಇಂಜೆಕ್ಟರನ್ನು ಬಿಚ್ಚಿ, ಪೈಪಿಗೆ ಜೋಡಿಸಿದಂತೆಯೇ ಅಳತೆಯ ಗಾಜಿನೊಳಗೆ ಹಿಡಿದು, ಇಸಿಯುವಿನ ಪರೀಕ್ಷಾ ಪುಟದಿಂದ 3 ಮಿಲಿಸೆಕೆಂಡಿನ 1000 ಸ್ಪಂದನ ಕೊಟ್ಟು ಎಷ್ಟು ಬಂತೆಂದು ಬರೆದುಕೊಳ್ಳಿ, ಆಮೇಲೆ 6 ಮಿಲಿಸೆಕೆಂಡಿನ 1000 ಸ್ಪಂದನ ಕೊಡಿ. ಎರಡು ಬಿಂದುಗಳನ್ನು ಕೂಡಿಸಿ ಗೆರೆ ಎಳೆದರೆ ಅದು ಸೊನ್ನೆಯನ್ನು ಮುಟ್ಟುವ ಜಾಗವೇ ಡೆಡ್ ಟೈಮ್. ಪೂರ್ತಿ ಚಾರ್ಜ್ ಆದ ಬ್ಯಾಟರಿಯಲ್ಲಿ ಒಮ್ಮೆ, 11.5 ವೋಲ್ಟಿನ ಸುಮಾರಿಗೆ ಇಳಿಸಿ ಇನ್ನೊಮ್ಮೆ ಮಾಡಿ. ಈ ಕೆಲಸವನ್ನು ಬಯಲಿನಲ್ಲೇ ಮಾಡಬೇಕು; ಬ್ಯಾಟರಿಯನ್ನು ಉದ್ದದ ವೈರಿನಲ್ಲಿ ದೂರ ಇಡಬೇಕು, ಏಕೆಂದರೆ ಸಂಪರ್ಕ ಕೊಡುವಾಗ ಹಾರುವ ಕಿಡಿಯೊಂದು ಸಾಕು.

ಆವರ್ತನಕ್ಕೆ ಎರಡು ಸಲ ತೆರೆಯುವುದನ್ನು ಒಂದಕ್ಕೆ ಇಳಿಸುವುದು ಇಂದೇ ಮಾಡಬಹುದಾದ ಕೆಲಸ. ಒಂದೇ ಸಲ 3.0 ಮಿಲಿಸೆಕೆಂಡ್ ತೆರೆದರೆ ಅಷ್ಟೇ ಪೆಟ್ರೋಲು ಬರುತ್ತದೆ, ಡೆಡ್ ಟೈಮ್ ಒಂದೇ ಸಲ ಕಳೆಯುತ್ತದೆ.

ಎರಕದ_ಎಂಜಿನ್, ಬೆಂಗಳೂರು

ನಿಮ್ಮ ಪ್ರಶ್ನೆಯನ್ನು ಓದಿ ಆ ರಾತ್ರಿಯೇ ಗಾಡಿಯ ಬಳಿ ಹೋದೆ. ಸ್ಟ್ಯಾಂಡ್ ಹಾಕಿ, ಐಡ್ಲಿಂಗಿನಲ್ಲಿ ಬಿಟ್ಟು, ಹೆಡ್‌ಲೈಟ್ ಹಾಕಿ, ಕೈಯಿಂದ ಬ್ರೇಕ್ ಪೆಡಲ್ ಒತ್ತಿ ಹಿಡಿದೆ. ಹಿಂದಿನ ದೀಪ ಹೊತ್ತಿಕೊಂಡಿತು, ಮೀಟರಿನಲ್ಲಿ 12.4 ಇದ್ದದ್ದು 11.7ಕ್ಕೆ ಇಳಿಯಿತು, ಎಂಜಿನ್ ನಾಲ್ಕು ಬಡಿತ ಬಡಿದು ನಿಂತಿತು. ಮತ್ತೆ ಕಿಕ್ ಹೊಡೆದು ಪೆಡಲ್ ಮುಟ್ಟದೆ ಬಿಟ್ಟೆ, ನಿಲ್ಲಲಿಲ್ಲ. ಒತ್ತಿದೆ, ನಿಂತಿತು. 21 ವ್ಯಾಟಿನ ಒಂದು ಬಲ್ಬಿಗಾಗಿ ನಾನು ಎರಡು ತಿಂಗಳು ಕೋಷ್ಟಕದ ಅಂಕಿಗಳನ್ನು ತಿದ್ದುತ್ತ ಕುಳಿತಿದ್ದೆ.

ಇಂಜೆಕ್ಟರನ್ನೂ ಅಳೆದೆ. 3 ಮಿಲಿಸೆಕೆಂಡಿಗೆ 5.3 ಸಿ.ಸಿ., 6 ಮಿಲಿಸೆಕೆಂಡಿಗೆ 13.2 ಸಿ.ಸಿ. ಬಂತು. ಲೆಕ್ಕ ಹಾಕಿದರೆ ಡೆಡ್ ಟೈಮ್ 1.0 ಮಿಲಿಸೆಕೆಂಡ್, ಹರಿವು ನಿಮಿಷಕ್ಕೆ ಸುಮಾರು 158 ಸಿ.ಸಿ. ವೋಲ್ಟೇಜ್ ಇಳಿಸಿ ಅಳೆದಾಗ 1.35 ಬಂತು. ಇಸಿಯುವಿನಲ್ಲಿ ವೋಲ್ಟೇಜಿನ ತಿದ್ದುಪಡಿ ರೇಖೆ ಅಷ್ಟೂ ದಿನ ಸಮತಟ್ಟಾಗಿಯೇ ಇತ್ತು. ಈಗ ಅಳೆದ ಅಂಕಿಗಳನ್ನು ತುಂಬಿದ್ದೇನೆ, ಆವರ್ತನಕ್ಕೆ ಒಂದೇ ಸಲಕ್ಕೆ ಇಳಿಸಿದ್ದೇನೆ, ಬ್ರೇಕ್ ದೀಪ ಮತ್ತು ಹೆಡ್‌ಲೈಟನ್ನು ಎಲ್‌ಇಡಿಗೆ ಬದಲಾಯಿಸಿದ್ದೇನೆ. ಪಂಪು ಒಂದೇ 3 ಆಂಪಿಯರಿಗೂ ಹೆಚ್ಚು ಎಳೆಯುತ್ತಿರುವುದರಿಂದ ಹಳೆಯ ಆಲ್ಟರ್ನೇಟರಿಗೆ ಐಡ್ಲಿಂಗಿನಲ್ಲಿ ಉಳಿತಾಯವಾದ ಪ್ರತಿ ವ್ಯಾಟೂ ಬೇಕು.

ಹುಬ್ಬಳ್ಳಿಯವರೇ, ಪೈಪು ಬದಲಾಯಿಸಿದೆ. ಚಕ್ರದ ಓಲಾಟ 0.25 ಮಿ.ಮೀ. ಇತ್ತು, ನೀವು ಹೇಳಿದಂತೆ ಬೆಸುಗೆಯದೇ ಕಾರಣ. ಹೊಸದನ್ನು ಲೇತಿನಲ್ಲಿ ಮಾಡಿಸಲು ಕೊಟ್ಟಿದ್ದೇನೆ.

ಕರಾವಳಿ_ಸವಾರ, ಮಂಗಳೂರು

ಉಪ್ಪಿನಂಗಡಿಯ ನಾಕಿಂಗ್ ಬಗ್ಗೆ ಯಾರೂ ಬರೆದಿಲ್ಲ. ನನಗೂ ಇದೇ ಆಗಿತ್ತು, ಚಾರ್ಮಾಡಿ ಇಳಿದ ಮೇಲೆ, ಬೇರೆ ಗಾಡಿಯಲ್ಲಿ.

ಆಲ್ಫಾ-ಎನ್ ಪದ್ಧತಿಗೆ ಥ್ರಾಟಲ್ ಎಷ್ಟು ತೆರೆದಿದೆ, ಎಂಜಿನ್ ಎಷ್ಟು ವೇಗದಲ್ಲಿದೆ ಎಂಬುದು ಮಾತ್ರ ಗೊತ್ತು. ಹೊರಗಿನ ಗಾಳಿ ಎಷ್ಟು ದಟ್ಟವಾಗಿದೆ ಎಂಬುದನ್ನು ಬೇರೆಯಾಗಿಯೇ ಹೇಳಬೇಕು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಅಲ್ಲಿ ಗಾಳಿಯ ಒತ್ತಡ ಸುಮಾರು 91 ಕಿಲೋಪಾಸ್ಕಲ್; ನಮ್ಮಲ್ಲಿ 101ರ ಹತ್ತಿರ. ಅದೇ ಥ್ರಾಟಲ್ಲಿಗೆ ಶೇಕಡಾ 11ರಷ್ಟು ಹೆಚ್ಚು ಗಾಳಿ ಒಳಗೆ ಹೋಗುತ್ತದೆ, ಪೆಟ್ರೋಲು ಮಾತ್ರ ಅಷ್ಟೇ. 0.88ನ್ನು 1.11ರಿಂದ ಗುಣಿಸಿ ನೋಡಿ, ನೀವು ಕಂಡ 0.98 ಬರುತ್ತದೆ.

ಗಾಡಿ ಆಫ್ ಮಾಡಿ ಹೊರಟಾಗ ಸರಿಯಾದದ್ದು ತಣ್ಣಗಾದದ್ದರಿಂದ ಅಲ್ಲ. ಬೇರೆ ಸೆನ್ಸರ್ ಇಲ್ಲದಿದ್ದರೆ ನಿಮ್ಮ ಇಸಿಯು ಹೊರಗಿನ ಒತ್ತಡವನ್ನು ಕೀಲಿ ತಿರುಗಿಸಿದಾಗ, ಎಂಜಿನ್ ಇನ್ನೂ ನಿಂತಿರುವಾಗ, ಮ್ಯಾನಿಫೋಲ್ಡ್ ಸೆನ್ಸರಿನಿಂದಲೇ ಓದಿ ಇಟ್ಟುಕೊಳ್ಳುತ್ತದೆ. ನೀವು ಕೀಲಿ ತಿರುಗಿಸಿದ್ದು ಸಕಲೇಶಪುರದಲ್ಲಿ. ಘಾಟಿ ಇಳಿದು ಮುಗಿದರೂ ಇಸಿಯುವಿನ ಪಾಲಿಗೆ ನೀವು ಇನ್ನೂ ಸಕಲೇಶಪುರದ ಕಾಫಿ ಅಂಗಡಿಯ ಮುಂದೆಯೇ ಇದ್ದಿರಿ. ಉಪ್ಪಿನಂಗಡಿಯಲ್ಲಿ ಆಫ್ ಮಾಡಿ ಆನ್ ಮಾಡಿದಾಗ ಅದಕ್ಕೆ ಕರಾವಳಿಯ ಗಾಳಿ ಸಿಕ್ಕಿತು. ಲಾಗಿನಲ್ಲಿ ಬ್ಯಾರೋ (ಹೊರಗಿನ ಗಾಳಿಯ ಒತ್ತಡ) ಎಂಬ ಸಾಲು ತೆರೆದು ನೋಡಿ.

ಪರಿಹಾರ ಸುಲಭ. ಇನ್ನೊಂದು ಒತ್ತಡದ ಸೆನ್ಸರನ್ನು ಹೊರಗಿನ ಗಾಳಿಗೆ ತೆರೆದಿಟ್ಟು, ಸೀಟಿನ ಕೆಳಗೆ ನೀರು ಬೀಳದ ಕಡೆ ಕೂರಿಸಿ, ಇಸಿಯುವಿಗೆ ಪ್ರತ್ಯೇಕ ಬ್ಯಾರೋ ಸೆನ್ಸರ್ ಇದೆಯೆಂದು ಹೇಳಿದರಾಯಿತು.

ಮಿಲಿಸೆಕೆಂಡ್, ಮೈಸೂರು

ಕರಾವಳಿಯವರ ವಿವರಣೆ ಸರಿಯಾಗಿದೆ. ಆದರೆ ಆಲ್ಫಾ-ಎನ್ ಅನ್ನೇ ಬಿಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಮ್ಯಾನಿಫೋಲ್ಡ್ ಒತ್ತಡ ಕುಣಿಯುತ್ತದೆಂದು ನೀವು ಅದನ್ನು ಕೈಬಿಟ್ಟಿರಿ, ಅದು ಕುಣಿಯುವುದು ಸಹಜ. ನಾಲ್ಕು ಸ್ಟ್ರೋಕಿನ ಒಂಟಿ ಸಿಲಿಂಡರ್ ಎರಡು ಸುತ್ತಿಗೆ ಒಮ್ಮೆ ಮಾತ್ರ ಗಾಳಿ ಎಳೆಯುತ್ತದೆ. ಉಳಿದ ಹೊತ್ತಿನಲ್ಲಿ ಒತ್ತಡ ಮತ್ತೆ ಹೊರಗಿನ ಮಟ್ಟಕ್ಕೆ ಏರುತ್ತಿರುತ್ತದೆ. ಇದರ ಸರಾಸರಿ ತೆಗೆದರೆ ಅರ್ಥವಿಲ್ಲದ ಅಂಕಿ ಬರುತ್ತದೆ. ಸ್ಪೀಡುಯಿನೋದಲ್ಲಿ ಆವರ್ತನದ ಕನಿಷ್ಠ ಒತ್ತಡವನ್ನು ಮಾತ್ರ ಹಿಡಿಯುವ ಆಯ್ಕೆ ಇದೆ. ಅದನ್ನು ಹಾಕಿ, ಸೆನ್ಸರಿನ ರಬ್ಬರ್ ಪೈಪನ್ನು ಗಿಡ್ಡವಾಗಿಸಿ ನೋಡಿ, ಐಡ್ಲಿಂಗಿನಲ್ಲಿ ಅಂಕಿ ನಿಲ್ಲುತ್ತದೆ.

ಕರಾವಳಿ_ಸವಾರ, ಮಂಗಳೂರು

ಐಡ್ಲಿಂಗಿಗೆ ಒಪ್ಪುತ್ತೇನೆ, ಪೂರ್ತಿ ಹರವಿಗೆ ಒಪ್ಪುವುದಿಲ್ಲ. ಮೂಲ ಕಾರ್ಬ್ಯುರೇಟರಿನ ಬಾಯಿ 24 ಮಿ.ಮೀ.; ಇವರು ಹಾಕಿರುವುದು 33. ವಿಸ್ತೀರ್ಣ ಹೆಚ್ಚುಕಡಿಮೆ ಎರಡರಷ್ಟಾಯಿತು. ಥ್ರಾಟಲ್ ಮೂರನೇ ಒಂದು ಭಾಗ ತೆರೆಯುವಷ್ಟರಲ್ಲೇ ಮ್ಯಾನಿಫೋಲ್ಡ್ ಒತ್ತಡ ಹೊರಗಿನ ಮಟ್ಟವನ್ನು ಮುಟ್ಟಿಬಿಡುತ್ತದೆ, ಅಲ್ಲಿಂದಾಚೆಗೆ ಆ ಅಂಕಿ ಇಸಿಯುವಿಗೆ ಏನನ್ನೂ ಹೇಳುವುದಿಲ್ಲ. ಈ ಗಾಡಿಗೆ ಆಲ್ಫಾ-ಎನ್ ಮತ್ತು ಪ್ರತ್ಯೇಕ ಬ್ಯಾರೋ ಸೆನ್ಸರೇ ಸರಿಯೆಂದು ನಾನು ಈಗಲೂ ಹೇಳುತ್ತೇನೆ. ಥ್ರಾಟಲ್ಲಿನ ಮೊದಲ ಶೇಕಡಾ 10ರೊಳಗೆ ಕೋಷ್ಟಕದ ಸಾಲುಗಳನ್ನು ಒತ್ತಾಗಿ ಇಡಿ, ಗಾಳಿಯ ಬದಲಾವಣೆಯೆಲ್ಲ ಅಲ್ಲೇ ಇರುವುದು.

ಮಲೆನಾಡ_ದಾರಿ, ತೀರ್ಥಹಳ್ಳಿ

ಒಂದು ಪ್ರಶ್ನೆ ಕೇಳಬಹುದೇ? ಇಷ್ಟೆಲ್ಲ ಶ್ರಮಕ್ಕೆ ಬದಲಾಗಿ ಒಳ್ಳೆಯ ಕಾರ್ಬ್ಯುರೇಟರ್ ಹಾಕಿ ಜೆಟ್ ಸರಿಪಡಿಸಿದರೆ ಸಾಲದೇ? ನನ್ನದೂ ಅದೇ ಮಾದರಿಯ ಗಾಡಿ, ಆಗುಂಬೆ ಹತ್ತಿ ಇಳಿಯುತ್ತದೆ.

ಹುಬ್ಬಳ್ಳಿ_ಲೇತ್, ಹುಬ್ಬಳ್ಳಿ

ಸಾಲುತ್ತದೆ. ನಿಮ್ಮ ಗಾಡಿ ಚೆನ್ನಾಗಿದ್ದರೆ ಮುಟ್ಟಲೇಬೇಡಿ. ಇವರು ಕಾರ್ಬ್ಯುರೇಟರನ್ನು ಎಸೆದಿಲ್ಲ, ಅರ್ಧ ದಿನದಲ್ಲಿ ಮರಳಿ ಹಾಕಬಹುದಾದಂತೆ ಕೆಲಸ ಮಾಡಿದ್ದಾರೆಂದು ಚಿತ್ರಗಳಿಂದ ಕಾಣುತ್ತದೆ. ಹಾಗಿರುವಾಗ ಪ್ರಯತ್ನ ಮಾಡಲು ಅಡ್ಡಿಯಿಲ್ಲ.

ಲ್ಯಾಂಬ್ಡಾ_ಒಂದು, ಜರ್ಮನಿ

ನಾನು ಧಾರವಾಡದವನು, ಇಲ್ಲಿ ಎಂಜಿನ್ ಕ್ಯಾಲಿಬ್ರೇಷನ್ ಕೆಲಸದಲ್ಲಿದ್ದೇನೆ. ವೈಡ್‌ಬ್ಯಾಂಡ್ ಸೆನ್ಸರನ್ನು ಎಲ್ಲಿ ನಂಬಬೇಕು, ಎಲ್ಲಿ ನಂಬಬಾರದು ಎಂಬುದನ್ನು ಸೇರಿಸುತ್ತೇನೆ.

ಐಡ್ಲಿಂಗಿನಲ್ಲಿ ನಂಬಬೇಡಿ. ಒಂಟಿ ಸಿಲಿಂಡರಿನಲ್ಲಿ ಎರಡು ಬಡಿತಗಳ ನಡುವೆ ಬಹಳ ಅಂತರವಿರುತ್ತದೆ, ಆ ಹೊತ್ತಿನಲ್ಲಿ ಸೈಲೆನ್ಸರಿನ ತುದಿಯಿಂದ ಹೊರಗಿನ ಗಾಳಿ ಹಿಂದಕ್ಕೆ ಸರಿದು ಬರುತ್ತದೆ. ಬೆಂಡ್ ಪೈಪಿನ ಜೋಡಣೆಯಲ್ಲಿ ಸಣ್ಣ ಸೋರಿಕೆ ಇದ್ದರಂತೂ ಹೇಳುವುದೇ ಬೇಡ. ಸೆನ್ಸರ್ ಆ ಆಮ್ಲಜನಕವನ್ನೂ ಎಣಿಸಿ ಮಿಶ್ರಣ ಲೀನ್ (ಪೆಟ್ರೋಲು ಕಡಿಮೆ) ಆಗಿದೆಯೆಂದು ತೋರಿಸುತ್ತದೆ. ನೀವು ಅದನ್ನು ನಂಬಿ ಪೆಟ್ರೋಲು ಹೆಚ್ಚಿಸುತ್ತ ಹೋದರೆ ಪ್ಲಗ್ ಕಪ್ಪಾಗುತ್ತದೆ. ಐಡ್ಲಿಂಗಿನಲ್ಲಿ ಎಂಜಿನ್ ವೇಗ ಗರಿಷ್ಠಕ್ಕೆ ಏರುವವರೆಗೆ ಪೆಟ್ರೋಲು ತಿದ್ದಿ, ಅಲ್ಲಿಂದ ಒಂದು ಚೂರು ರಿಚ್ (ಪೆಟ್ರೋಲು ಹೆಚ್ಚು) ಕಡೆಗೆ ಇಟ್ಟು ಬಿಡಿ. ಕಿವಿ ಇಲ್ಲಿ ಸೆನ್ಸರಿಗಿಂತ ಮೇಲು. ಸ್ವಯಂಚಾಲಿತ ಟ್ಯೂನಿಂಗ್ ಬಳಸುವುದಾದರೆ ಐಡ್ಲಿಂಗಿನ ಭಾಗವನ್ನು ಅದರಿಂದ ಹೊರಗಿಡಿ.

ಎರಡನೆಯದು, ಗಾಳಿ-ಇಂಧನ ಅನುಪಾತದ ಅಂಕಿಯನ್ನು ಬಿಟ್ಟು ಲ್ಯಾಂಬ್ಡಾದಲ್ಲೇ ಯೋಚಿಸುತ್ತಿರುವುದು ಒಳ್ಳೆಯದು. ಭಾರತದಲ್ಲಿ ಈಗ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಶುದ್ಧ ಪೆಟ್ರೋಲಿಗೆ 14.7 ಇರುವ ಆದರ್ಶ ಅನುಪಾತ ಅದಕ್ಕೆ 13.5ರ ಸುಮಾರಿಗೆ ಇಳಿಯುತ್ತದೆ, ಅಂದರೆ ಅಷ್ಟೇ ಗಾಳಿಗೆ ಶೇಕಡಾ 8ರಷ್ಟು ಹೆಚ್ಚು ಇಂಧನ ಬೇಕು. ನಿಮ್ಮ ಇಂಜೆಕ್ಟರಿಗೆ ಅದರ ಸಾಮರ್ಥ್ಯವಿದೆ: 5000 ಸುತ್ತಿನಲ್ಲಿ ಒಂದು ಆವರ್ತನಕ್ಕೆ 24 ಮಿಲಿಸೆಕೆಂಡ್ ಸಿಗುತ್ತದೆ, ನಿಮಗೆ ಬೇಕಾಗುವುದು 14ರ ಆಸುಪಾಸು.

ಥಟ್ಟನೆ ತಿರುಗಿಸಿದಾಗಿನ ಉಸಿರುಕಟ್ಟನ್ನು ಕೊನೆಗೆ ಇಟ್ಟುಕೊಳ್ಳಿ. ಪೆಟ್ರೋಲಿನ ಒಂದು ಪಾಲು ಪೋರ್ಟಿನ ಗೋಡೆಗೆ ಅಂಟಿ ಉಳಿಯುವುದರಿಂದ ಆ ಕ್ಷಣಕ್ಕೆ ಸ್ವಲ್ಪ ಹೆಚ್ಚುವರಿ ಬೇಕಾಗುತ್ತದೆ. ಎರಡನೇ ಗೇರಿನಲ್ಲಿ ಗಂಟೆಗೆ 30 ಕಿ.ಮೀ. ವೇಗದಿಂದ ಥ್ರಾಟಲ್ ಒಮ್ಮೆಗೇ ತೆರೆದು ಲಾಗ್ ನೋಡಿ. ಮೊದಲ ಕ್ಷಣದಲ್ಲೇ ಲೀನ್ ಆದರೆ ಹೆಚ್ಚುವರಿಯ ಪ್ರಮಾಣ ಸಾಲದು. ಮೊದಲು ಸರಿಯಿದ್ದು ಆಮೇಲೆ ರಿಚ್ ಆದರೆ ಅದರ ಅವಧಿ ಹೆಚ್ಚಾಗಿದೆ. ಬುಲೆಟ್ಟಿನ ನಡುಕಕ್ಕೆ ಥ್ರಾಟಲ್ ಸೆನ್ಸರಿನ ಅಂಕಿ ಸುಮ್ಮನೆ ಅದುರುತ್ತಿರುವುದೂ ಉಂಟು. ಅದನ್ನೇ ಇಸಿಯು ವೇಗವರ್ಧನೆಯೆಂದು ತಿಳಿದು ಪೆಟ್ರೋಲು ಸುರಿಯದಂತೆ ಮಿತಿಯನ್ನು ಎತ್ತರದಲ್ಲಿಡಿ.

ಎರಕದ_ಎಂಜಿನ್, ಬೆಂಗಳೂರು

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಹೊಸ ಚಕ್ರದ ಓಲಾಟ 0.05 ಮಿ.ಮೀ.; ಕಿಕ್ ಹೊಡೆಯುವಾಗ ಇಸಿಯು ಹಲ್ಲಿನ ಲೆಕ್ಕ ತಪ್ಪುವುದು ನಿಂತಿದೆ. ಕನಿಷ್ಠ ಒತ್ತಡದ ಆಯ್ಕೆಯನ್ನು ಹಾಕಿ ನೋಡಿದೆ, ಐಡ್ಲಿಂಗಿನಲ್ಲಿ 40ರ ಆಚೀಚೆ ಅಂಕಿ ಸ್ಥಿರವಾಗಿ ನಿಂತಿತು. ಆದರೆ ಕರಾವಳಿಯವರು ಹೇಳಿದಂತೆ ಥ್ರಾಟಲ್ ಮೂರನೇ ಒಂದು ಭಾಗ ದಾಟಿದ ಮೇಲೆ ಅದು ಅಲುಗಲೇ ಇಲ್ಲ. ಹಾಗಾಗಿ ಆಲ್ಫಾ-ಎನ್ ಉಳಿಸಿಕೊಂಡು ಪ್ರತ್ಯೇಕ ಬ್ಯಾರೋ ಸೆನ್ಸರ್ ಹಾಕಿದ್ದೇನೆ. ಕೋಷ್ಟಕವನ್ನು ಐದನೆಯ ಸಲ ಮೊದಲಿನಿಂದ ತುಂಬಿದೆ, ಈ ಸಲ ಎರಡೇ ಸಂಜೆ ಹಿಡಿಯಿತು. ಹಿಂದಿನ ನಾಲ್ಕು ಕೋಷ್ಟಕಗಳಲ್ಲಿ ಪಕ್ಕಪಕ್ಕದ ಮನೆಗಳ ಅಂಕಿಗಳು ಹಲ್ಲುಹಲ್ಲಾಗಿದ್ದವು; ಇದರಲ್ಲಿ ಏರಿಳಿತ ನುಣುಪಾಗಿದೆ.

ಮೊನ್ನೆ ಭಾನುವಾರ ಸಕಲೇಶಪುರದಲ್ಲಿ ಅದೇ ಅಂಗಡಿಯಲ್ಲಿ ನಿಂತು, ಬೇಕೆಂದೇ ಎಲ್ಲೂ ಆಫ್ ಮಾಡದೆ ಬಿ.ಸಿ. ರೋಡ್‌ವರೆಗೆ ಹೋದೆ. ಬ್ಯಾರೋ ಅಂಕಿ ಘಾಟಿಯುದ್ದಕ್ಕೂ 91ರಿಂದ 100ರವರೆಗೆ ಮೆಲ್ಲನೆ ಏರುತ್ತ ಬಂತು. ಪೂರ್ತಿ ಥ್ರಾಟಲ್ಲಿನಲ್ಲಿ ಲ್ಯಾಂಬ್ಡಾ 0.87ರಿಂದ 0.89ರೊಳಗೆ ಉಳಿಯಿತು, ನಾಕಿಂಗ್ ಒಮ್ಮೆಯೂ ಕೇಳಲಿಲ್ಲ. ಊಟಕ್ಕೆ ನಿಲ್ಲುವ ಮುನ್ನ ಐಡ್ಲಿಂಗಿನಲ್ಲಿ ಬ್ರೇಕ್ ಒತ್ತಿ ಎರಡು ನಿಮಿಷ ಹಾಗೆಯೇ ಕುಳಿತಿದ್ದೆ, ಎಂಜಿನ್ ನಿಲ್ಲಲಿಲ್ಲ.

ಉಳಿದಿರುವುದು ಒಂದು ತೊಂದರೆ. ಬಿಸಿಯಾದ ಗಾಡಿಯನ್ನು ಹದಿನೈದು ನಿಮಿಷ ನಿಲ್ಲಿಸಿ ಮತ್ತೆ ಶುರು ಮಾಡಿದರೆ ಏಳೆಂಟು ಕಿಕ್ ಬೇಕಾಗುತ್ತದೆ. ಹೊರಗಿನ ಪಂಪಿಗೆ ಎಂಜಿನ್ನಿನ ಬಿಸಿ ತಾಗಿ ಪೈಪಿನಲ್ಲಿ ಪೆಟ್ರೋಲು ಆವಿಯಾಗುತ್ತಿದೆ ಎಂದು ನನ್ನ ಅಂದಾಜು, ಏಕೆಂದರೆ ಕೀಲಿ ತಿರುಗಿಸಿ ಆಫ್ ಮಾಡಿ, ಹೀಗೆ ಮೂರು ಸಲ ಪಂಪು ಓಡಿಸಿದರೆ ಮೊದಲ ಕಿಕ್ಕಿಗೇ ಹೊರಡುತ್ತದೆ. ರೆಗ್ಯುಲೇಟರನ್ನು ಇಂಜೆಕ್ಟರಿನ ಪಕ್ಕಕ್ಕೆ ತಂದು, ಅಲ್ಲಿಂದ ಟ್ಯಾಂಕಿಗೆ ಮರಳುವ ಪೈಪು ಹಾಕಲು ಈ ವಾರ ಟ್ಯಾಂಕ್ ಬಿಚ್ಚುತ್ತಿದ್ದೇನೆ. ಹುಬ್ಬಳ್ಳಿಯವರೇ, ಟ್ಯಾಂಕಿಗೆ ನಳಿಕೆ ಬೆಸೆಯುವ ಮುನ್ನ ಒಳಗೆ ನೀರು ತುಂಬಿಸಿಟ್ಟರೆ ಸಾಕೇ, ಅಥವಾ ಅದಕ್ಕೂ ಮೊದಲು ಬೇರೆ ಏನಾದರೂ ಮಾಡಬೇಕೇ?

ಹುಬ್ಬಳ್ಳಿ_ಲೇತ್, ಹುಬ್ಬಳ್ಳಿ

ಮೊದಲು ಸೋಪಿನ ಬಿಸಿನೀರಿನಲ್ಲಿ ನಾಲ್ಕೈದು ಸಲ ತೊಳೆದು, ಎರಡು ದಿನ ಮುಚ್ಚಳ ತೆಗೆದು ಬಿಸಿಲಿಗಿಡಿ. ಆಮೇಲೆ ಬೆಸೆಯುವ ಜಾಗವೊಂದನ್ನು ಬಿಟ್ಟು ಉಳಿದದ್ದೆಲ್ಲ ಮುಳುಗುವಂತೆ ನೀರು ತುಂಬಿಸಿ, ಮುಚ್ಚಳ ತೆರೆದಿಟ್ಟೇ ಕೆಲಸ ಮಾಡಬೇಕು. ಇದನ್ನು ನೀವೇ ಮಾಡಬೇಡಿ, ಟ್ಯಾಂಕಿನ ಕೆಲಸ ಮಾಡಿ ಅಭ್ಯಾಸವಿರುವವರಿಗೆ ಕೊಡಿ. ನಳಿಕೆಯ ಒಳತುದಿ ಟ್ಯಾಂಕಿನ ತಳದವರೆಗೆ ಇಳಿದಿರಲಿ; ಮೇಲಿನಿಂದ ಸುರಿದರೆ ಪೆಟ್ರೋಲು ನೊರೆಯಾಗಿ ಪಂಪಿಗೆ ಗಾಳಿ ಹೋಗುತ್ತದೆ.